ಎಂಟು ಎ ಪ್ಲಸ್, ಒಂದು ಎ, ಒಂದು ಬಿ ಪ್ಲಸ್

ತಿರುವನಂತಪುರದಲ್ಲಿ ಕಾಲೇಜಿಗೆ ಸೇರುವ ದಿನ ಕಚೇರಿಯ ಗುಮಾಸ್ತರು ನನ್ನ ಹತ್ತನೇ ತರಗತಿಯ ಸರ್ಟಿಫಿಕೇಟನ್ನು ಮೇಲಿನಿಂದ ಕೆಳಗೆ ಓದಿದರು. ಬಿ ಪ್ಲಸ್ ಇದ್ದ ಸಾಲಿನ ಮೇಲೆ ಪೆನ್ನಿಟ್ಟು, "ಮಲಯಾಳಂ ಯಾಕೆ ತಗೊಂಡೆ ಮೋಳೇ? ಹೊರಗಿನವರಿಗೆ ಅದರ ಬದಲು ಇಂಗ್ಲಿಷ್ ಕೊಡ್ತಾರಲ್ಲ" ಎಂದರು. ಪಾಪ, ಮಗಳೇ ಎಂದು ಕರೆದು ಕನಿಕರದಿಂದಲೇ ಅಂದದ್ದು. ಆ ಕನಿಕರ ಕಂಡರೇ ನನಗೆ ಮೈ ಉರಿಯುತ್ತದೆ. "ಬೇಕು ಅಂತಲೇ ತಗೊಂಡೆ" ಎಂದೆ, ಅವರದೇ ಭಾಷೆಯಲ್ಲಿ. ಅವರು ಸೀಲು ಹೊಡೆದರು.

ನಾವು ಧಾರವಾಡದವರು. ಅಪ್ಪನಿಗೆ ಎರ್ನಾಕುಲಂ ಹತ್ತಿರದ ವಲ್ಲಾರ್ಪಾಡಂನ ಕಂಟೇನರ್ ಬಂದರಿಗೆ ವರ್ಗವಾದಾಗ ನಾನು ಎಂಟನೇ ತರಗತಿ. ತ್ರಿಪ್ಪುಣಿತ್ತುರದಲ್ಲಿ ಬಾಡಿಗೆ ಮನೆ, ನಡೆದು ಹೋಗುವಷ್ಟು ದೂರದಲ್ಲಿ ಶಾಲೆ. ಸೇರಿಸಿಕೊಳ್ಳುವಾಗಲೇ ಮಲಯಾಳಂ ಬದಲು ಇಂಗ್ಲಿಷ್ ಎಂದು ಅರ್ಜಿಯಲ್ಲಿ ಬರೆದುಬಿಟ್ಟರು. ನನ್ನನ್ನು ಒಂದು ಮಾತು ಕೇಳಿದವರಿಲ್ಲ. ಮಲಯಾಳಂ ಪೀರಿಯಡ್ ಬಂತೆಂದರೆ ನನ್ನನ್ನೂ ತಮಿಳುನಾಡಿನ ಇಬ್ಬರು ಹುಡುಗಿಯರನ್ನೂ ಪಕ್ಕದ ಲೈಬ್ರರಿಗೆ ಅಟ್ಟುತ್ತಿದ್ದರು. ಗೋಡೆಯ ಆಚೆ ಟೀಚರ್ ಏನೋ ಹೇಳುತ್ತಿದ್ದರು, ಇಡೀ ಕ್ಲಾಸು ಗೊಳ್ಳೆಂದು ನಗುತ್ತಿತ್ತು. ಯಾಕೆ ನಕ್ಕಿರಿ ಎಂದು ಆಮೇಲೆ ಕೇಳಿದರೆ, "ಹೇಳಿದರೂ ನಿನಗೆ ತಿಳಿಯಲ್ಲ" ಎನ್ನುತ್ತಿದ್ದರು. ಒಂದು ತಿಂಗಳು ತಡೆದುಕೊಂಡೆ. ಒಂದು ದಿನ ಲೈಬ್ರರಿಗೆ ಹೋಗದೆ ಬೆಂಚಿನಲ್ಲೇ ಕೂತೆ. ಟೀಚರ್ ನೋಡಿದರು, ಎಬ್ಬಿಸಲಿಲ್ಲ. ಮಾರನೇ ದಿನವೂ ಕೂತೆ. ವರ್ಷ ಮುಗಿಯುವುದರೊಳಗೆ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಮಲಯಾಳಂ ಎಂದೇ ಬಂತು.

ಹತ್ತನೇ ತರಗತಿಗೆ ಬಂದ ಮೇಲೆ ಅದು ದೊಡ್ಡ ರಾದ್ಧಾಂತವಾಯಿತು. ಓಣಂ ರಜೆಗೆ ಮುಂಚೆ ನಡೆಯುವ ಪರೀಕ್ಷೆಯಲ್ಲಿ ಉಳಿದೆಲ್ಲದರಲ್ಲೂ ನನಗೆ ಎ ಪ್ಲಸ್, ಮಲಯಾಳಂನ ಎರಡು ಪತ್ರಿಕೆಗಳಲ್ಲಿ ಮಾತ್ರ ಬಿ. ಅಲ್ಲಿ ಹತ್ತು ಪತ್ರಿಕೆಗಳಿಗೂ ಎ ಪ್ಲಸ್ ಬಂದರೆ ಅದಕ್ಕೆ ಫುಲ್ ಎ ಪ್ಲಸ್ ಎಂದು ಹೆಸರು. ಅಂಥವರ ಫೋಟೋಗಳನ್ನು ಫ್ಲೆಕ್ಸ್ ಮಾಡಿಸಿ ಜಂಕ್ಷನ್ನಿನಲ್ಲಿ ಕಟ್ಟುತ್ತಾರೆ, ಚುನಾವಣೆಗೆ ನಿಂತವರ ಹಾಗೆ. ಒಂದೇ ಒಂದು ಎ ಬಂದರೂ ಫ್ಲೆಕ್ಸಿನಲ್ಲಿ ಜಾಗವಿಲ್ಲ. ನಮ್ಮ ಕ್ಲಾಸ್ ಟೀಚರ್ ಒಳ್ಳೆಯವರೇ, ಆದರೆ ಅವರಿಗೆ ಫ್ಲೆಕ್ಸಿನ ಚಿಂತೆ. ಅಪ್ಪನನ್ನು ಕರೆಸಿ, ಹಾಳೆಯ ಹಿಂದೆ ಗೆರೆ ಎಳೆದು ಇಂಗ್ಲಿಷಿನಲ್ಲಿ ವಿವರಿಸಿದರು. ನೂರಕ್ಕೆ ತೊಂಬತ್ತು ಮುಟ್ಟಿದರೆ ಎ ಪ್ಲಸ್, ಎಂಬತ್ತು ಮುಟ್ಟಿದರೆ ಎ, ಎಪ್ಪತ್ತು ಮುಟ್ಟಿದರೆ ಬಿ ಪ್ಲಸ್, ಹೀಗೆ ಕೆಳಕ್ಕೆ. ಭಾಷೆಯ ಪತ್ರಿಕೆಗೆ ಐವತ್ತು ಅಂಕ, ಅದರಲ್ಲಿ ಹತ್ತು ಶಾಲೆಯದು, ನಲವತ್ತು ಬರೆದು ಗಳಿಸಬೇಕಾದ್ದು. "ಪರೀಕ್ಷೆಗೆ ಹೆಸರು ಕಳಿಸೋ ಮುಂಚೆ ಬದಲಾಯಿಸೋಣ. ಒಂದು ಹೋದ್ರೆ ಎಲ್ಲಾ ಹೋದ ಹಾಗೆ" ಎಂದರು.

ಅಪ್ಪ ತಲೆಯಾಡಿಸಿದರು. ಆದರೆ ಅವರ ತಲೆಯಲ್ಲಿ ಓಡುತ್ತಿದ್ದದ್ದು ನಮ್ಮ ಕಡೆಯ ಲೆಕ್ಕ. ಆರುನೂರ ಇಪ್ಪತ್ತೈದಕ್ಕೆ ಎಷ್ಟು, ಪರ್ಸೆಂಟೇಜ್ ಎಷ್ಟು, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಮನೆಗೆ ನಡೆದು ಬರುವಾಗ ನಾನು ಬದಲಾಯಿಸುವುದಿಲ್ಲ ಎಂದು ಹಟ ಹಿಡಿದೆ. ರಸ್ತೆಯ ಮೇಲೆ ಜಗಳ ಬೇಡವೆಂದೋ ಏನೋ, ಅವರು ಇಷ್ಟೇ ಹೇಳಿದರು: "ಮಲಯಾಳಂನಾಗ ಕಡಿಮಿ ಬಿದ್ದದ್ದು ಗಣಿತದಾಗ ತುಂಬಬೇಕು ನೋಡು. ನೂರಕ್ಕ ನೂರು ತಗೀತಿಯೇನು?"

"ತಗೀತೀನ್ರಿ" ಎಂದೆ.

ಗಣಿತದ ನೂರು ಮಲಯಾಳಂಗೆ ಚಿಕ್ಕಾಸಿನ ಉಪಯೋಗಕ್ಕೂ ಬರುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಅಲ್ಲಿ ತೊಂಬತ್ತಕ್ಕೂ ಅದೇ ಎ ಪ್ಲಸ್, ನೂರಕ್ಕೂ ಅದೇ ಎ ಪ್ಲಸ್. ಕ್ಲಾಸಿನ ಎಲ್ಲರಿಗೂ ಗೊತ್ತಿದ್ದ ಮಾತು ಅದು. ನಾನು ಬಾಯಿ ಮುಚ್ಚಿಕೊಂಡು ಅಪ್ಪನ ಜೊತೆ ನಡೆದೆ.

ಕೊಟ್ಟ ಮಾತಿಗೆ ಗಣಿತವನ್ನೂ ಓದಿದೆ, ನಿಜ. ಆದರೆ ಜೀವ ತೇದದ್ದು ಮಲಯಾಳಂಗೆ. ಪರೀಕ್ಷೆಯಲ್ಲಿ ಮೊದಲ ಕಾಲು ಗಂಟೆ ಪ್ರಶ್ನೆ ಓದುವುದಕ್ಕೆಂದೇ ಬಿಡುತ್ತಾರೆ, ಪೆನ್ನು ಮುಟ್ಟುವಂತಿಲ್ಲ. ನನ್ನ ಪಕ್ಕದವಳು ಐದು ನಿಮಿಷದಲ್ಲಿ ಓದಿ ಮುಗಿಸಿ ಫ್ಯಾನು ನೋಡುತ್ತಾ ಕೂತಳು. ನನಗೆ ಆ ಕಾಲು ಗಂಟೆ ಓದುವುದಕ್ಕೇ ಸಾಲಲಿಲ್ಲ. ಎರಡನೇ ಪತ್ರಿಕೆಯಲ್ಲಿ ಕೊನೆಯ ಪ್ರಬಂಧ ಅರ್ಧಕ್ಕೇ ನಿಂತಿತು. ಆದರೆ ಆ ಅರ್ಧವನ್ನು ಬಾಯಿಪಾಠ ಮಾಡಿ ಬರೆದದ್ದಲ್ಲ, ನಾನೇ ಯೋಚಿಸಿ ಬರೆದದ್ದು. ಪರೀಕ್ಷಾ ಕೊಠಡಿಯಿಂದ ಹೊರಗೆ ಬಂದಾಗ ಅಳು ಬರಲಿಲ್ಲ, ಹಸಿವಾಗಿತ್ತು.

ಫಲಿತಾಂಶ ಬಂದ ಮಧ್ಯಾಹ್ನ ಅಪ್ಪ ಆಫೀಸಿನಲ್ಲೇ ಫೋನಿನಲ್ಲಿ ನೋಡಿದರು. ಎಂಟು ಎ ಪ್ಲಸ್. ಮಲಯಾಳಂ ಮೊದಲನೇ ಪತ್ರಿಕೆಗೆ ಎ, ಎರಡನೆಯದಕ್ಕೆ ಬಿ ಪ್ಲಸ್. ಧಾರವಾಡದಿಂದ ದೊಡ್ಡಪ್ಪ ಫೋನ್ ಮಾಡಿ ಎಷ್ಟು ಪರ್ಸೆಂಟ್ ಎಂದು ಕೇಳಿದಾಗ, "ಗ್ರೇಡಷ್ಟ ಬಿಟ್ಟಾರ, ಮಾರ್ಕ್ಸ್ ಇನ್ನೂ ಹಾಕಿಲ್ಲ. ನಾಳಿಗೆ ಬರ್ತಾವ" ಎಂದರು. ಮಾರನೇ ದಿನ ಬೆಳಿಗ್ಗೆ ನೋಡಿದರು, ಸಂಜೆ ನೋಡಿದರು. ಸೈಟು ನಿಧಾನ ಎಂದು ಗೊಣಗಿದರು. ಅಷ್ಟರಲ್ಲಿ ಜಂಕ್ಷನ್ನಿನಲ್ಲಿ ಫ್ಲೆಕ್ಸ್ ಎದ್ದಿತ್ತು, ನನ್ನ ಜೊತೆ ಓದಿದವರೆಲ್ಲ ಅದರಲ್ಲಿ ಹಲ್ಲು ಕಿರಿಯುತ್ತಿದ್ದರು. ಮರುಮೌಲ್ಯಮಾಪನಕ್ಕೆ ಹಾಕು ಎಂದು ಕ್ಲಾಸ್ ಟೀಚರ್ ಹೇಳಿ ಕಳಿಸಿದರು. ನಾನು ಹಾಕಲಿಲ್ಲ. ಅರ್ಧ ಪ್ರಬಂಧ ಬರೆದವಳಿಗೆ ಬಿ ಪ್ಲಸ್ ಕೊಟ್ಟದ್ದು ಅನ್ಯಾಯವೇನಲ್ಲ.

ಆ ಎರಡು ಗ್ರೇಡುಗಳಿಂದ ಮುಂದೆ ಮನೆ ಹತ್ತಿರದ ಶಾಲೆಯ ಹನ್ನೊಂದನೇ ತರಗತಿಯ ಸೈನ್ಸ್ ಸೀಟು ಕೈತಪ್ಪಿತು. ಎರಡು ವರ್ಷ ಎರ್ನಾಕುಲಂ ದಾಟಿ, ಎರಡು ಬಸ್ಸು ಹಿಡಿದು ಹೋಗಿ ಬಂದೆ. ಅದನ್ನೂ ನಾನು ಯಾರ ಮುಂದೆಯೂ ಅತ್ತುಕೊಂಡು ಹೇಳಿಲ್ಲ.

ಫಲಿತಾಂಶ ಬಂದ ಮೂರನೇ ದಿನವೂ ಅಪ್ಪ ಚಹಾ ಕುಡಿಯುತ್ತಾ ಫೋನು ತೆಗೆದಾಗ ನನಗೆ ನೋಡಲಾಗಲಿಲ್ಲ.

"ಮಾರ್ಕ್ಸ್ ಹಾಕೂದಿಲ್ರಿ ಅಪ್ಪಾ. ಇಲ್ಲಿ ಗ್ರೇಡಷ್ಟ. ಗಣಿತದಾಗ ನೂರು ಬಂದಿದ್ರೂ ಅದು ಮಲಯಾಳಂಗೆ ಸೇರೂದಿಲ್ಲ."

ಅವರು ಫೋನು ಕೆಳಗಿಟ್ಟರು. "ನಿನಗ ಯಾವಾಗ ಗೊತ್ತಾತು?"

"ನೂರು ತಗೀತಿಯೇನು ಅಂತ ನೀವು ಕೇಳಿದ್ರಲ್ಲ, ಆವತ್ತ ಗೊತ್ತಿತ್ತು."

"ಮತ್ತ ನನಗ ಹೇಳಬಾರದೇನು?"

"ಹೇಳಿದ್ರ ಮಲಯಾಳಂ ಬರಿಯಾಕ ಬಿಡ್ತಿದ್ರೇನು?"

ನಮ್ಮ ಅಪ್ಪ ಕೋಪದಲ್ಲೂ ಸುಳ್ಳು ಹೇಳುವವರಲ್ಲ.

"ಬಿಡ್ತಿರಲಿಲ್ಲ" ಎಂದರು.

"ಅದಕ್ಕ ಹೇಳಲಿಲ್ಲ" ಎಂದೆ. ತಪ್ಪಾಯಿತು ಎನ್ನಲಿಲ್ಲ. ಇವತ್ತಿಗೂ ಅಂದಿಲ್ಲ.