ಷಡ್ಡಕನ ಬಳಿ ಇಲ್ಲದ ನೋಟು

ನನ್ನ ಯಜಮಾನರದು ಇಸ್ತ್ರಿ ಅಂಗಡಿ. ಸುಕ್ಕು ಕಂಡರೆ ಅವರಿಗಾಗದು. ಮದುವೆಯಾದ ಹೊಸದರಲ್ಲಿ ನಾನು ಹುಬ್ಬು ಗಂಟಿಕ್ಕಿದರೂ ಹೆಬ್ಬೆರಳಿನಿಂದ ಸವರಿ ಸರಿಮಾಡುತ್ತಿದ್ದರು. ಸುಕ್ಕಿಗಿಂತಲೂ ಆಗದವನು ಒಬ್ಬನೇ, ಅವರ ಷಡ್ಡಕ, ಅಂದರೆ ನನ್ನ ತಂಗಿಯ ಗಂಡ.

ಅವನು ಬಸ್ ಡಿಪೋದಲ್ಲಿ ಗುಮಾಸ್ತ. ಹಳೆಯ ನೋಟು ಕೂಡಿಡುವ ಹುಚ್ಚು. ಮನೆಗೆ ಬಂದರೆ ಕೂರುವ ಮೊದಲೇ ಆಲ್ಬಮ್ ಬಿಚ್ಚುತ್ತಾನೆ. ಮಕ್ಕಳೆಲ್ಲ ಅವನ ಸುತ್ತ. "ಮುಟ್ಬೇಡ್ರೋ, ಕಣ್ಣಲ್ಲೇ ನೋಡಿ" ಎನ್ನುವ ಆ ಜಂಬ! ಇವರು ಮೂಲೆಯಲ್ಲಿ ಹಲ್ಲು ಕಡಿಯುತ್ತಿದ್ದರು. ನನಗೇನು ಹೊಟ್ಟೆಯುರಿ ಕಡಿಮೆಯೇ? ತಂಗಿ ಬೀಗುವುದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

"ನಾನೂ ಶುರು ಮಾಡ್ತೀನಿ ಕಣೇ. ಅವನ ಹತ್ರ ಇಲ್ಲದ್ದು ಒಂದೇ ಒಂದು ಸಿಗ್ಲಿ, ಸಾಕು. ಅವನ ಮುಖ ಸಪ್ಪಗಾಗೋದನ್ನ ನೋಡ್ಬೇಕು" ಎಂದರು ಒಂದು ದಿನ.

ಆರು ತಿಂಗಳು ಗಿರಾಕಿಗಳ ತಲೆ ತಿಂದರು. ಕೊನೆಗೆ ನಿವೃತ್ತ ಮೇಷ್ಟ್ರೊಬ್ಬರು ಇಸ್ತ್ರಿಗೆ ಕೊಟ್ಟ ಹಳೆಯ ಕೋಟಿನ ಒಳಜೇಬಿನಲ್ಲಿ ಒಂದು ಸಿಕ್ಕಿತು. ಒಂದೇ ಬದಿ ಅಚ್ಚಾದ, ನಾಲ್ಕು ಮಡಿಕೆ ಬಿದ್ದ ನೋಟು. ಹಿಂದಿರುಗಿಸಲು ಹೋದರೆ ಮೇಷ್ಟ್ರು, "ನಮ್ಮಪ್ಪನ ಕೋಟು ಅದು. ಇಷ್ಟು ಆಸೆ ಪಡ್ತಿದ್ದೀಯಲ್ಲ, ನೀನೇ ಇಟ್ಕೋ" ಎಂದುಬಿಟ್ಟರು. ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾನುವಾರ ಬಾ ಎಂದು ಷಡ್ಡಕನಿಗೆ ಹೇಳಿಕಳಿಸಿದ್ದಾಯಿತು. ಅವನು ಬರುವ ಮುಂಚೆ ಇವರು ನೋಟಿನ ಮೇಲೆ ನೀರು ಚಿಮುಕಿಸಿ, ತೆಳುಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಹದವಾಗಿ ಎಳೆದರು. ಒಂದು ಗೆರೆ ಉಳಿಯಲಿಲ್ಲ. ನಾನೂ ಭೇಷ್ ಎಂದೆ.

ನಾನು ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದಾಗ ಹೊರಗೆ ಅವನ ದನಿ ಕೇಳಿಸಿತು.

"ಭಾವ, ಇದು ನನ್ನ ಹತ್ರಾನೂ ಇಲ್ಲ!"

ಕಿಟಕಿಯ ಬೆಳಕಿನತ್ತ ಹೆಜ್ಜೆ ಸಪ್ಪಳ. ಆಮೇಲೆ, "ಇದೇನು ಹೀಗೆ ಹೊಳೀತಿದೆ? ಇಸ್ತ್ರಿ ಹಾಕಿದ್ರಾ?"

"ಮತ್ತೆ? ಮುದುರಿದ್ದನ್ನ ಮನೆಗೆ ಬಂದೋರಿಗೆ ತೋರ್ಸಕ್ಕಾಗುತ್ತಾ?" ಇವರ ದನಿಯಲ್ಲಿ ಹೆಮ್ಮೆ.

"ಅಯ್ಯೋ ಭಾವ! ಮಡಿಕೆ ಇದ್ರೂ ಪರವಾಗಿರ್ಲಿಲ್ಲ. ಅಚ್ಚಿನ ಉಬ್ಬೆಲ್ಲ ಹೋಯ್ತಲ್ಲ. ಕೂಡಿಡೋರು ಯಾರೂ ಇನ್ನು ಇದನ್ನ ಮೂಸೂ ನೋಡಲ್ಲ."

ನಾನು ಲೋಟ ಹಿಡಿದು ಬರುವಷ್ಟರಲ್ಲಿ ಅವನು ತನ್ನ ಆಲ್ಬಮ್ಮಿನಿಂದ ಒಂದು ನೋಟು ತೆಗೆದು ಇವರ ಕೈಗಿಡುತ್ತಿದ್ದ. "ನನ್ನ ಹತ್ರ ಎರಡಿದೆ. ಶುರು ಮಾಡೋಕೆ ಇದಿರ್ಲಿ." ಆ ಕನಿಕರಕ್ಕಿಂತ ಅವನ ಜಂಬವೇ ವಾಸಿಯಿತ್ತು.

ಅವನು ಹೋದ ಮೇಲೆ ಇವರು ಎರಡೂ ನೋಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಕೊನೆಗೆ ಕೇಳಿದರು, "ಮೊದ್ಲು ನೋಡ್ದಾಗ ಅವನ ಮುಖ ಸಪ್ಪಗಾಯ್ತು ಕಣೇ. ನೀನು ನೋಡಿದ್ಯಾ?"

"ನೋಡ್ದೆ ರೀ," ಎಂದೆ. "ಪೂರ್ತಿ ಸಪ್ಪಗಾಗಿತ್ತು."