ಒಂಬೈನೂರು ಕೂಸುಗಳಲ್ಲಿ ಒಂದು

ನನ್ನ ದೊಡ್ಡಮ್ಮ ಸೊಕೋರೊ ನಲವತ್ತು ವರ್ಷ ಸೂಲಗಿತ್ತಿಯಾಗಿದ್ದಳು. ಟೆಕ್ಸಸ್ಸಿನ ತುತ್ತತುದಿಯಲ್ಲಿ, ಸೇತುವೆ ದಾಟಿದರೆ ಮೆಕ್ಸಿಕೋ ಎನ್ನುವಂಥ ನಮ್ಮೂರಿನಲ್ಲಿ, ಒಂಬೈನೂರಕ್ಕೂ ಮೀರಿ ಕೂಸುಗಳು ಅವಳ ಕೈಯಲ್ಲಿ ಮೊದಲ ಸಲ ಅತ್ತಿವೆ. ಕೈಗುಣ ಚೆನ್ನಾಗಿದೆ ಎಂದು ಹೆಸರು. ಆ ಕೂಸುಗಳು ಬೆಳೆದು ಟೀಚರಾದವು, ನರ್ಸಾದವು, ಈರುಳ್ಳಿ ಹೊಲದಲ್ಲಿ ಬೆನ್ನು ಬಗ್ಗಿಸಿ ಈ ದೇಶಕ್ಕೆ ಊಟ ಹಾಕಿದವು. ಇಬ್ಬರು ಯುದ್ಧಕ್ಕೆ ಹೋಗಿ ಬಾವುಟ ಹೊದ್ದು ಮರಳಿದರು. ಈಗಿನ ಮೇಯರ್ ಹುಟ್ಟಿದ್ದೂ ಅವಳ ಕೈಯಲ್ಲೇ, ಕಾಲು ಮುಂದಾಗಿ. "ಆವತ್ತಿಂದ್ಲೂ ಇವ್ನಿಗೆ ಯಾವ್ದು ಹಿಂದು ಯಾವ್ದು ಮುಂದು ಗೊತ್ತಿಲ್ಲ" ಎಂದು ದೊಡ್ಡಮ್ಮ ಅವನ ಎದುರಿಗೇ ಹೇಳುತ್ತಾಳೆ.

ಇದೇ ಮೇಯರ್‌ಗೆ ಆ ಸೆಪ್ಟೆಂಬರಿನಲ್ಲಿ ಅವಳನ್ನು ಸನ್ಮಾನಿಸುವ ಉಮೇದು ಬಂತು. 'ದೇಶ ಕಟ್ಟಿದ ನಮ್ಮ ಹೆಣ್ಣುಮಕ್ಕಳು' ಎಂದು ಹಿತ್ತಾಳೆ ಫಲಕ, ಶಾಲೆಯ ಸಭಾಂಗಣದಲ್ಲಿ ಸಮಾರಂಭ. ಅವಳ ಹೆಸರು ಸೂಚಿಸಿ ಅರ್ಜಿ ಬರೆದವಳು ನಾನೇ, ಶಾಲೆಯ ಆಫೀಸಿನಲ್ಲಿ ಕೂತು ಬರೆದೂ ಬರೆದೂ ಕೈ ಸವೆಸಿಕೊಂಡ ನೊಯೆಮಿ. ಅಮ್ಮ ಹೋದ ಮೇಲೆ ನನಗಿರುವುದು ದೊಡ್ಡಮ್ಮ ಒಬ್ಬಳೇ. ಎಂಬತ್ತನಾಲ್ಕಕ್ಕಾದರೂ ಊರು ಅವಳಿಗೆ ಕೈಮುಗಿಯಲಿ ಎಂಬ ಆಸೆ ನನಗೆ.

ಅದೇ ವಾರ ಡೆಲ್ಫೀನೊ ಮನೆಗೆ ಬಂದ. ನಮ್ಮ ಶಾಲೆಯ ಬಸ್ ಓಡಿಸುವವನು, ಅದಕ್ಕೂ ಮುಂಚೆ ಸೈನ್ಯದಲ್ಲಿದ್ದವನು, ದೊಡ್ಡಮ್ಮನ ಕೈಯಲ್ಲೇ ಹುಟ್ಟಿದವನು. ಊರಿನವರೆಲ್ಲರಂತೆ ಅವನೂ ಅವಳನ್ನು ಗೌರವದಿಂದ 'ದೋನ್ಯಾ' ಎನ್ನುತ್ತಾನೆ. ಅವನ ಅಕ್ಕ ಬೆರ್ತಾ ನದಿಯಾಚೆ ಮದುವೆಯಾಗಿ ಹೋದವಳು, ಕ್ಯಾನ್ಸರ್ ಬಂದು ಮಲಗಿದ್ದಳು. ಮೊದಲಾದರೆ ಸೇತುವೆ ಮೇಲೆ ಪರಿಚಯದ ಮುಖಕ್ಕೆ ತಲೆಯಾಡಿಸಿದರೆ ಸಾಕಿತ್ತು. ಈಗ ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ, ವಾಪಸ್ ಬರಲು ಪಾಸ್‌ಪೋರ್ಟ್ ಬೇಕು. ಅವನ ಅರ್ಜಿ ತಿರುಗಿ ಬಂದಿತ್ತು.

"ಸೂಲಗಿತ್ತಿ ಬರೆದ ಜನನಪತ್ರ ನಂಬೋಕಾಗಲ್ಲ ಅಂತಾರೆ ದೋನ್ಯಾ. ಈ ಕಡೆ ಸೂಲಗಿತ್ತಿಯರು ಆ ಕಡೆ ಹುಟ್ಟಿದವಕ್ಕೂ ಬರ್ಕೊಟ್ಟಿದಾರಂತೆ. ಯುದ್ಧಕ್ಕೆ ಕಳ್ಸುವಾಗ ಯಾವ ನನ್ಮಗನೂ ಇದನ್ನ ಕೇಳ್ಲಿಲ್ಲ."

"ನೀನೇನಂದೆ?" ದೊಡ್ಡಮ್ಮ ಕೇಳಿದಳು.

"ನನ್ನ ಹೊಕ್ಕುಳಬಳ್ಳಿ ನಮ್ಮ ಹಿತ್ತಲಲ್ಲೇ ಹೂತಿದೆ, ಬೇಕಾದ್ರೆ ಬಂದು ಅಗೀರಿ ಅಂದೆ. ಕೌಂಟರ್‌ನಲ್ಲಿದ್ದ ಹುಡುಗಿ ನಗು ತಡ್ಕೊಂಡು, ಅದಕ್ಕೆ ಯಾವ ಫಾರಂ ಅಂತ ಕೇಳಿ ಹೇಳ್ತೀನಿ ಸಾರ್ ಅಂದ್ಲು."

ಗಂಡು ಕೂಸಿನ ಬಳ್ಳಿ ಹೂಳುವುದು ಮನೆಯ ಹೊರಗೆ, ಹೆಣ್ಣಿನದು ಒಲೆ ಪಕ್ಕ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಪುರಾವೆ ಯಾರೂ ಕೇಳಿದವರಲ್ಲ. ಡೆಲ್ಫೀನೊ ಅಲ್ಲಿ ಅದನ್ನು ಹೇಳಿ ನಗೆಪಾಟಲಾದನಲ್ಲ ಎಂದು ನನಗೆ ಕೆಡುಕೆನಿಸಿತು.

ವಕೀಲೆಯೊಬ್ಬಳು ಸಿಕ್ಕಳು. ಹೆರಿಗೆ ಮಾಡಿಸಿದವಳೇ ಪ್ರಮಾಣ ಮಾಡಿ ಹೇಳಿದರೆ ಅವನ ಕೆಲಸ ಆದೀತು ಎಂದಳು. "ಆದ್ರೆ ಅಜ್ಜಿ, ಯಾವತ್ತಾದ್ರೂ ಸುಳ್ಳು ಪತ್ರಕ್ಕೆ ಸಹಿ ಹಾಕಿದೀರಾ ಅಂತ ಕೇಳೇ ಕೇಳ್ತಾರೆ. ಇಲ್ಲ ಅಂದ್ರೆ ಇಲ್ಲ ಅನ್ನಿ. ಮರೆತಿದ್ರೆ ಮರೆತಿದೆ ಅನ್ನಿ. ನಿಮ್ಮ ವಯಸ್ಸಿಗೆ ಮರೆವು ಸಹಜ." ಆ ಕೊನೆಯ ಮಾತು ಏನೆಂದು ಎಲ್ಲರಿಗೂ ಅರ್ಥವಾಯಿತು.

ವಿಚಾರಣೆಯ ದಿನ ದೊಡ್ಡಮ್ಮ ಬಲಗೈ ಎತ್ತಿ ಪ್ರಮಾಣ ಮಾಡಿದಳು. ಡೆಲ್ಫೀನೊ ಹುಟ್ಟಿದ್ದನ್ನು ಎಷ್ಟು ಚಂದವಾಗಿ ಹೇಳಿದಳು! ಅವನ ತಾಯಿ ಒಲೆಯ ಮುಂದೆಯೇ ಕುಕ್ಕರಿಸಿದ್ದು, ಯಾರೂ ನೋಡದೆ ಬೀನ್ಸ್ ಸೀದು ಹೋದದ್ದು, ಕೂಸಿಗೆ ತಿಂಗಳುಗಟ್ಟಲೆ ಸೀದ ವಾಸನೆ ಎಂದು ಬೀದಿಯವರು ಆಡಿಕೊಂಡದ್ದು. ಬರೆದುಕೊಳ್ಳುತ್ತಿದ್ದ ಹೆಂಗಸೂ ನಕ್ಕಳು. ಆಮೇಲೆ ಅಧಿಕಾರಿ ಆ ಪ್ರಶ್ನೆ ಕೇಳಿದ. ದೊಡ್ಡಮ್ಮ ಪ್ರಮಾಣಕ್ಕೆ ಎತ್ತಿದ್ದ ಕೈಯನ್ನು ನೋಡಿಕೊಂಡಳು.

"ಹೂಂ. ಒಂದು."

ವಕೀಲೆ ಕಣ್ಣು ಮುಚ್ಚಿಕೊಂಡಳು.

"ಒಬ್ಳು ಮಧ್ಯಾಹ್ನ ಸೊಂಟದವರೆಗೆ ಒದ್ದೆ ಆಗಿ ಬಂದ್ಲು. ಬಟ್ಟೇಲಿ ಕೂಸು. ಹೊಕ್ಕುಳಬಳ್ಳಿ ಆಗ್ಲೇ ಒಣಗಿ ಬಿದ್ದಿತ್ತು, ವಾರ ಆಗಿರ್ಬೇಕು ಹುಟ್ಟಿ. ಈ ಕಡೆ ಹುಟ್ತು ಅಂತ ಬರೀ ಅಂತ ಕಾಲು ಹಿಡ್ಕೊಂಡ್ಲು. ಬರ್ದೆ."

"ಗಂಡೋ, ಹೆಣ್ಣೋ?"

"ಕೂಸು."

"ಯಾವ ವರ್ಷ?"

"ಬಿಸಿಲಿತ್ತು."

"ಹೆಸರು?"

"ಹೇಳಲ್ಲ. ಜೈಲಿಗೆ ಬೇಕಾದ್ರೆ ಹಾಕ್ಕೊಳಿ."

ಎಂಬತ್ತನಾಲ್ಕರ ಮುದುಕಿಯನ್ನು ಅವರು ಜೈಲಿಗೇನೂ ಹಾಕಲಿಲ್ಲ. ಒಂದು ಪತ್ರ ಸುಳ್ಳಾದರೆ ಅವಳ ಸಹಿಯ ಯಾವ ಪತ್ರವನ್ನೂ ನಂಬಲಾಗದು ಎಂದು ಡೆಲ್ಫೀನೊನ ಅರ್ಜಿ ಮಾತ್ರ ವಜಾ ಆಯಿತು. ತಿಂಗಳೊಳಗೆ ಊರಿನ ಇನ್ನೂ ಹನ್ನೊಂದು ಮನೆಗಳಿಗೆ ನೋಟೀಸು ಬಂತು. ಮೇಯರ್ ಸಮಾರಂಭವನ್ನು "ಮುಂದಕ್ಕೆ ಹಾಕಿದ". ಅವನಿಗೂ ತನ್ನ ಪತ್ರದ ಚಿಂತೆ ಹತ್ತಿತ್ತು. ಟೋರ್ಟಿಯಾ ರೊಟ್ಟಿಯ ಅಂಗಡಿಯಲ್ಲಿ ದೊಡ್ಡಮ್ಮನಿಗೆ ಜಾಗ ಬಿಡುತ್ತಿದ್ದ ಹೆಂಗಸರು ಈಗ ಬೆನ್ನು ತಿರುಗಿಸಿದರು. "ಮರ್ತೋಯ್ತು ಅನ್ನೋಕೆ ಇವ್ಳಿಗೇನು ರೋಗ?" ಎಂದು ಅವಳಿಗೆ ಕೇಳುವಂತೆಯೇ ಅಂದರು. ಸಂಜೆ ಅವರೇ ಒಬ್ಬೊಬ್ಬರಾಗಿ ಹಿತ್ತಲ ಬಾಗಿಲಿಗೆ ಬಂದು ಪಿಸುಗುಟ್ಟುತ್ತಿದ್ದರು: ಅದು ನಾನಾ ದೋನ್ಯಾ? ನನ್ನ ಮಗನಾ? ದೊಡ್ಡಮ್ಮ ಪ್ರತಿಯೊಬ್ಬರ ಕೆನ್ನೆ ತಟ್ಟಿ, "ನೀನಲ್ಲ, ಹೋಗು, ಊಟ ಮಾಡಿ ಮಲ್ಕೋ" ಎನ್ನುತ್ತಿದ್ದಳು.

ನಾನೂ ಕೂಗಾಡಿದೆ, ಸುಳ್ಳೇಕೆ ಹೇಳಲಿ. "ಒಂದು ಮಾತಿಗೆ ಒಂಬೈನೂರು ಜನರ ಬುಡಕ್ಕೆ ಕೊಡಲಿ ಹಾಕಿದೆಯಲ್ಲ! ಯಾರನ್ನ ಉಳಿಸೋಕೆ?"

"ಈ ಕೈ ಎತ್ತಿಸಿಬಿಟ್ರು ಕಣೇ."

"ಸುಳ್ಳು ಸಹಿ ಹಾಕಿದ್ದೂ ಅದೇ ಕೈ ಅಲ್ವಾ?"

"ಅದಕ್ಕೇ. ಇನ್ನೊಂದ್ಸಲ ಆಗ್ಲಿಲ್ಲ."

ನವೆಂಬರಿನಲ್ಲಿ ಬೆರ್ತಾ ತೀರಿಕೊಂಡಳು. ಡೆಲ್ಫೀನೊ ಬಸ್ಸಿನ ಬೀಗದಕೈ ತಂದು ನನ್ನ ಮೇಜಿನ ಮೇಲಿಟ್ಟು, ಅಕ್ಕನನ್ನು ಮಣ್ಣು ಮಾಡಲು ಸೇತುವೆ ದಾಟಿ ಹೋದ. ತಿರುಗಿ ಬರುವಾಗ ತಡೆದರು. ಈಗ ಅವಳ ಖಾಲಿ ಮನೆಯಲ್ಲೇ ಇದ್ದಾನೆ, ಟೈರಿಗೆ ಪಂಚರ್ ಹಾಕುತ್ತಾನೆ. ಅವನ ಹೆಂಡತಿ ಮಕ್ಕಳು ಇಲ್ಲಿ.

ದೊಡ್ಡಮ್ಮ ಹುಟ್ಟಿದ್ದು ಮಾತ್ರ ಆಸ್ಪತ್ರೆಯಲ್ಲಿ. ಅವಳಮ್ಮ ಡಾಕ್ಟರೊಬ್ಬರ ಮನೆಯಲ್ಲಿ ಅಡುಗೆಗಿದ್ದಳಂತೆ. ಹಾಗಾಗಿ ಅವಳ ಪತ್ರಗಳಿಗೆ ಯಾರೂ ಸೊಲ್ಲೆತ್ತುವುದಿಲ್ಲ. ಪ್ರತಿ ಶನಿವಾರ ಜೋಳದ ಹಿಟ್ಟಿನ ತಮಾಲೆ ಬೇಯಿಸಿ, ಡಬ್ಬಿ ಹಿಡಿದು, ನಿಂತು ನಿಂತು ಸೇತುವೆ ದಾಟುತ್ತಾಳೆ. ಮೂರು ಶನಿವಾರ ಅವನು ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ಸಲ ತೆರೆದ, ತಿಂದ, ಆಮೇಲೆ ಕೇಳಿದನಂತೆ: "ಆ ಒಂದು ಹೆಸರು ಹೇಳಿಬಿಡಿ ದೋನ್ಯಾ. ಉಳಿದವರೆಲ್ಲ ಬಚಾವಾಗ್ತೀವಿ."

"ಅದು ನೀನಲ್ಲ ಮಗಾ."

"ನಾನಲ್ಲ ಅಂತ ನಂಗೊತ್ತಿಲ್ವಾ? ಯಾರಿಗೋಸ್ಕರ ನಾನಿಲ್ಲಿ ಕೂತಿದೀನಿ, ಅದು ಹೇಳಿ."

ಅವಳು ಖಾಲಿ ಡಬ್ಬಿ ತೊಳೆದುಕೊಂಡು ಬಂದಳು. ದಾರಿಯುದ್ದಕ್ಕೂ ಅತ್ತಿದ್ದಳೆಂದು ಕಣ್ಣು ನೋಡಿದರೆ ತಿಳಿಯುತ್ತಿತ್ತು.

ಶನಿವಾರಗಳಂದು ನಾನು ಅವಳನ್ನು ಸೇತುವೆಯವರೆಗೆ ಬಿಟ್ಟು, ಈ ಕಡೆಯ ಬೆಂಚಿನ ಮೇಲೆ ಕಾಯುತ್ತೇನೆ. ನನ್ನ ಜನನಪತ್ರಕ್ಕೂ ಅವಳದೇ ಸಹಿ. ನನ್ನಮ್ಮ ಮದುವೆಯಾದ ಹೊಸದರಲ್ಲಿ ಒಂದು ವರ್ಷ ನದಿಯಾಚೆಯ ಊರಿನಲ್ಲಿ ಇದ್ದವಳು. ಅದನ್ನು ನಾನು ಯಾವತ್ತೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಹೋದ ವಾರ ಡಬ್ಬಿ ಭಾರವಿತ್ತು, ಅವಳ ಕಾಲು ಊದಿತ್ತು. "ಕೊಡು ದೊಡ್ಡಮ್ಮ, ಪಾಸ್‌ಪೋರ್ಟ್ ಮಾಡಿಸ್ಕೊಂಡು ಇನ್ಮೇಲೆ ನಾನೇ ಹೋಗ್ಬರ್ತೀನಿ" ಎಂದೆ.

ಅವಳು ನನ್ನ ಮಣಿಕಟ್ಟನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಳು. "ಬೇಡ. ನೀನು ಅರ್ಜಿ ಹಾಕ್ಬೇಡ."

"ಯಾಕೆ? ಅದು ನಾನಾ?"

ಊರಿಗೆಲ್ಲ ಕೆನ್ನೆ ತಟ್ಟಿ 'ನೀನಲ್ಲ' ಎಂದವಳು ನನ್ನ ಕೆನ್ನೆ ತಟ್ಟಲಿಲ್ಲ; ಡಬ್ಬಿ ಎತ್ತಿಕೊಂಡು ಸೇತುವೆಯತ್ತ ನಡೆದುಹೋದಳು.