ಮೇಸ್ತ್ರಿ ಮೂಸದೆ ಬಿಟ್ಟ ಡ್ರಮ್ಮು

ಡ್ರಮ್ಮಿನ ಬಾಯಿಗೆ ಮೂಗಿಟ್ಟು ಕಣ್ಣು ಮುಚ್ಚಿದರೆ ಮೇಸ್ತ್ರಿಯ ಹುಬ್ಬುಗಳೆರಡೂ ಮೇಲೇರುತ್ತಿದ್ದವು. ವೆಲ್ಡಿಂಗ್ ಕಿಡಿ ಸಿಡಿದು ಸಿಡಿದು ಆ ಹುಬ್ಬುಗಳಲ್ಲಿ ಉಳಿದಿದ್ದದ್ದೇ ನಾಲ್ಕು ಕೂದಲು. ತುಪ್ಪ ಕೊಳ್ಳುವವರ ಹಾಗೆ ನಿಧಾನವಾಗಿ ಉಸಿರೆಳೆದು, "ಇದ್ರಾಗ ಪೇಂಟಿನ ಥಿನ್ನರ್ ಇತ್ತು, ಬ್ಯಾಡ" ಎಂದು ಕಾಲಿನಿಂದಲೇ ಉರುಳಿಸಿಬಿಡುವರು. ಯಾರು ತೊಳೆದಿದ್ದೇನೆಂದರೂ ಮೂಸದೆ ಮುಟ್ಟುತ್ತಿರಲಿಲ್ಲ.

ದೊಡ್ಡ ಚಂಡಮಾರುತ ಬಂದುಹೋದ ಮರುವರ್ಷ ನಾನು ವಿಶಾಖಪಟ್ಟಣದಲ್ಲಿ ಗ್ಯಾರೇಜುಗಳ ವೇಸ್ಟ್ ಆಯಿಲ್ ತಂದು, ನೀರು, ಗಸಿ ತೆಗೆದು, ಕುಲುಮೆಗಳಿಗೆ ಉರುವಲಾಗಿ ಕೊಡುವ ಕೆಲಸ ಶುರು ಮಾಡಿದೆ. ಎಂಥ ಡ್ರಮ್ಮಿನಲ್ಲಿ ಇಡಬೇಕೆಂಬುದೂ ಗೊತ್ತಿರಲಿಲ್ಲ. ಕಲಿಸಿದವರು ಈ ವೆಲ್ಡಿಂಗ್ ಮೇಸ್ತ್ರಿ. ಹೊಸಪೇಟೆಯವರು, ವಿಜಯವಾಡದ ಹೆಣ್ಣನ್ನು ಮದುವೆಯಾಗಿ ಆಂಧ್ರದಲ್ಲೇ ಉಳಿದವರು. ನನ್ನ ಬಾಯಲ್ಲಿ ಕನ್ನಡ ಕೇಳಿದ ದಿನವೇ ನಾನು ಅವರಿಗೆ "ನಮ್ ಕಡೇರು" ಆಗಿಬಿಟ್ಟೆ. ಎಣ್ಣೆ ಕಾಯಿಸುವುದಕ್ಕೆ ದಪ್ಪ ತಗಡಿನ ಡ್ರಮ್ಮೇ ಬೇಕು, ಪ್ಲಾಸ್ಟಿಕ್ ಕೂಡದು. ನಲ್ಲಿ ತಳದಿಂದ ನಾಲ್ಕು ಬೆರಳು ಮೇಲಿದ್ದರೆ ಗಸಿ ಕೆಳಗೇ ಉಳಿಯುತ್ತದೆ. ಹಬೆ ಹೋಗಲು ಮುಚ್ಚಳಕ್ಕೆ ತೂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಳೇ ಡ್ರಮ್ಮನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ಮೂರು ಸಲ ತೊಳೆಯದೆ ಬೆಂಕಿ ತೋರಿಸಬಾರದು. ಒಳಗೆ ಉಳಿದ ಆವಿ ಸಿಡಿಯುತ್ತದೆ. "ತುಂಬಿದ ಕೊಡ ತುಳುಕಂಗಿಲ್ಲ ಸಾರೂ, ಖಾಲಿ ಡ್ರಮ್ಮು ಸುಮ್ಕಿರಂಗಿಲ್ಲ" ಎನ್ನುವರು.

ಒಮ್ಮೆ ಪರವಾಡದ ಕೆಮಿಕಲ್ ಫ್ಯಾಕ್ಟರಿಗಳ ಕಡೆಯ ಗುಜರಿಯಿಂದ ಒಂದು ಡ್ರಮ್ಮು ತಂದೆ. ಮರುದಿನವೇ ಎಣ್ಣೆ ಕೊಡುತ್ತೇನೆಂದು ಕುಲುಮೆಯವರಿಗೆ ಮಾತು ಕೊಟ್ಟು ಕೂತಿದ್ದೆ. ಮೂರು ಸಲ ತೊಳೆಯಲು ಇಡೀ ದಿನ ಬೇಕು. ಆತುರಗಾರನಿಗೆ ಬುದ್ಧಿ ಮಟ್ಟ. ಒಂದು ಬಕೆಟ್ ತಣ್ಣೀರು ಹಾಕಿ ಕುಲುಕಿ ಚೆಲ್ಲಿದೆ, ಅಷ್ಟೇ.

"ಮೂರು ಸಲ ಆತಾ?" ಎಂದು ಮೇಸ್ತ್ರಿ ಕೇಳಿದರು.

"ಹೂಂ, ಮೂರು ಸಲ."

ಮೂಸಲು ಬಾಗುತ್ತಿದ್ದವರು ಅಲ್ಲೇ ನೆಟ್ಟಗಾದರು. "ನೀವ್ ಹೇಳಿದ್ಮ್ಯಾಲೆ ಮೂಸಿ ನೋಡಿದ್ರೆ ಮರ್ಯಾದಿ ಅಲ್ಲ" ಎಂದು ನಲ್ಲಿಗೆ ತೂತು ಕೊರೆಯಲು ಗ್ಯಾಸ್ ಕಟರ್ ಹೊತ್ತಿಸಿದರು. ತಡೆಯಲು ನನಗೆ ಸಮಯವಿತ್ತು. ತಡೆಯಲಿಲ್ಲ.

ಮುಚ್ಚಳ ಹಾರಿ ಗೋಡೆಗೆ ಬಡಿಯಿತು. ಮೇಸ್ತ್ರಿಯ ಎಡಗೆನ್ನೆ ಬೆಂದಿತು, ಎಡಗಿವಿ ಪೂರಾ ಕಿವುಡಾಯಿತು. ಆಸ್ಪತ್ರೆಯಲ್ಲಿ ನಾನು ಎಳನೀರು ಹಿಡಿದು ನಿಂತಿದ್ದರೆ ಅವರೇ ನನಗೆ ಸಮಾಧಾನ ಹೇಳಿದರು: "ನಿಮ್ದೇನಿಲ್ಲ ಬಿಡ್ರಿ ಸಾರೂ, ನಾ ಮೂಸಿ ನೋಡ್ಬೇಕಿತ್ತು." ಆಗಲೂ ಬಾಯಿ ಬಿಡಲಿಲ್ಲ.

ಮೇಸ್ತ್ರಿ ಕೆಲಸ ಬಿಟ್ಟು ವಿಜಯವಾಡಕ್ಕೆ, ಗವರ್ನರ್‌ಪೇಟೆಯ ಮಾವನ ಮನೆಗೆ ಹೋದರು. ಎರಡು ವರ್ಷ ಬಿಟ್ಟು, ನಿಜ ಹೇಳಿಬಿಡಲೇಬೇಕೆಂದು ಹೋದೆ. ಬೀದಿ ಬಾಗಿಲಲ್ಲಿ ಕುರ್ಚಿ ಹಾಕಿಸಿದರು. ನಾನು ಬೇಕೆಂದೇ ಕುರ್ಚಿಯನ್ನು ಅವರ ಎಡಕ್ಕೆ ಎಳೆದುಕೊಂಡೆ. ಆಟೋಗಳ ಹಾರನ್ನಿನ ನಡುವೆ, "ಮೇಸ್ತ್ರಿ, ಆ ಡ್ರಮ್ಮು ನಾನು ತೊಳೆದಿರಲಿಲ್ಲ" ಎಂದೆ.

ತುಟಿ ಆಡಿದ್ದು ಕಂಡಿರಬೇಕು. ಬಲಗಿವಿಯನ್ನು ನನ್ನತ್ತ ತಿರುಗಿಸಿ, "ಏನಂದ್ರಿ ಸಾರೂ? ಈ ಕಡಿ ಹೇಳ್ರಿ" ಎಂದರು.

"ಏನಿಲ್ಲ, ಸೆಕೆ ಜಾಸ್ತಿ ಅಂದೆ."

ಅವರು ನಕ್ಕು, ಒಳಗೆ ಹೆಂಡತಿಯನ್ನು ಕೂಗಿ ನನಗೆ ಮಜ್ಜಿಗೆ ತರಿಸಿದರು. ಕುಡಿದು ಬಂದೆ. ಮುಂದಿನ ಬೇಸಿಗೆಯ ಹೊತ್ತಿಗೆ ಅವರು ಬದುಕಿರಲಿಲ್ಲ. ಮೊದಲನೆಯ ಸುಳ್ಳಿಗಾದರೂ ಅವಸರದ ನೆಪವಿತ್ತು.